ರೂಲ್ಸಪ್ಪನ ವಿಳಾಸ

ರೂಲ್ಸಪ್ಪನಿಗೆ ಜನರನ್ನು ಕಂಡರೆ ಆಗುತ್ತಿರಲಿಲ್ಲ. ಯಾವ ಜನ ಎಂದು ಕೇಳಬೇಡಿ, ಯಾರನ್ನು ಕಂಡರೂ ಆಗದು. ಹಗ್ಗ ಸುತ್ತಿಡಲು ಬಾರದ ನಾವಿಕರನ್ನು ಕಂಡರೆ ಆಗದು. ಎರಡು ವರ್ಷ ಇದ್ದು, ಹೂಕುಂಡಗಳಿಗೆ ಸುಣ್ಣ ಹೊಡೆಸಿ, ಬಡ್ತಿ ಗಿಟ್ಟಿಸಿಕೊಂಡು ಜಾಗ ಖಾಲಿ ಮಾಡುವ ಅಧಿಕಾರಿಗಳನ್ನು ಕಂಡರೆ ಆಗದು. ಪಕ್ಕದ ಮನೆಯ ವೆಲ್ಡರ್‌ನನ್ನು ಕಂಡರಂತೂ ಮೈಯೆಲ್ಲ ಉರಿ, ಏಕೆಂದರೆ ಆ ಮನುಷ್ಯ ಸುಮ್ಮಸುಮ್ಮನೆ ನಗುತ್ತಿದ್ದ. ರೂಲ್ಸಪ್ಪ ಮೂವತ್ತೊಂದು ವರ್ಷ ನೌಕಾನೆಲೆಯ ಹಗ್ಗದ ಉಗ್ರಾಣ ನೋಡಿಕೊಂಡವನು. ಹೊಸ ಬ್ರಷ್ ಬೇಕೆಂದರೆ ಸವೆದ ಬ್ರಷ್ ತಂದು ತೋರಿಸಬೇಕು. ಹೊಸ ಹಗ್ಗ ಬೇಕೆಂದರೆ ತುಂಡಾದ ಹಗ್ಗದ ಎರಡೂ ತುದಿ ತಂದು ಒಪ್ಪಿಸಬೇಕು. ಒಂದು ತುದಿ ಸಮುದ್ರಕ್ಕೆ ಬಿತ್ತು ಸ್ವಾಮಿ ಎಂದರೆ, “ಹಾಗಾದ್ರೆ ಹೋಗಿ ಹುಡುಕ್ಕೊಂಡು ಬಾ” ಎನ್ನುತ್ತಿದ್ದ. ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಸಂಬಳದ ಪಟ್ಟಿಯ ಹೊರಗೆ ಅದನ್ನು ಯಾರೂ ಬಳಸಲಿಲ್ಲ.

ಆ ನೌಕಾನೆಲೆಯನ್ನು ಸರ್ಕಾರ ಐದು ವರ್ಷದ ಹಿಂದೆ ಮುಚ್ಚಿತು. ಕೊನೆಯ ಹಡಗು ಹೋಯಿತು, ಬಾವುಟ ಇಳಿಯಿತು, ಬ್ಯಾಂಡಿನವರು ಅಪಸ್ವರದಲ್ಲಿ ಏನೋ ಬಾರಿಸಿದರು. ಹಡಗುಕಟ್ಟೆಯ ಮೇಲೆ ಹುಲ್ಲು ಬೆಳೆಯಿತು. ಆಮೇಲೆ ಒಂದು ಕಂಪನಿ ಬಂತು. ಬಂದದ್ದೇ ತಂತಿಬೇಲಿಯ ಉದ್ದಕ್ಕೂ ಚಿತ್ರ ಹೊಡೆಸಿತು: ನೀಲಿ ನೀರು, ದಡದಲ್ಲಿ ಲೋಟ ಹಿಡಿದು ಹಲ್ಲು ಕಿರಿಯುತ್ತಿರುವ ಗಂಡುಹೆಣ್ಣು, ಬೆಳ್ಳನೆಯ ಒಂದು ನಾಯಿ. ಕೆಳಗೆ ಅಂಗಡಿ, ಮೇಲೆ ಆಫೀಸು, ಅದರ ಮೇಲೆ ಮನೆಯಂತೆ. ಪೇಟೆಬೀದಿಯ ಕಿರಾಣಿಯವರು ಅಜ್ಜನ ಕಾಲದಿಂದ ಮಾಡಿಕೊಂಡು ಬಂದದ್ದು ಇದೇ ತಾನೆ? ಅವರದು ಇಕ್ಕಟ್ಟು, ಇವರದು ‘ಮಿಕ್ಸೆಡ್ ಯೂಸ್’. ಮೂವತ್ತು ವರ್ಷ ಡೀಸೆಲ್ ನಾತ ಹೊಡೆಯುತ್ತಿದ್ದ ಅದೇ ನೀರಿಗೆ ಈಗ ‘ವಾಟರ್‌ಫ್ರಂಟ್’ ಎಂದು ಹೆಸರು. ಹೆಸರಿಟ್ಟ ಮಾತ್ರಕ್ಕೆ ನಾತ ಎಲ್ಲಿ ಹೋಗುತ್ತದೆ, ಅದು ಹಾಗೇ ಇತ್ತು.

ರೂಲ್ಸಪ್ಪನ ಉಗ್ರಾಣವನ್ನು ಬ್ರೆಡ್ ಅಂಗಡಿ ಮಾಡಿದರು. ಒಮ್ಮೆ ಹೋಗಿ ಇಣುಕಿದ. ಛಾವಣಿಯಿಂದ ದಪ್ಪದಪ್ಪ ಹಗ್ಗ ಇಳಿಬಿಟ್ಟಿದ್ದರು, ಅಲಂಕಾರಕ್ಕೆ. ಸುತ್ತಿದ್ದು ತಿರುವುಮುರುವು, ಗಂಟೋ ದೇವರೇ ಗತಿ.

“ಈ ಗಂಟು ಹಾಕಿದ ಮಹಾನುಭಾವ ಯಾರಮ್ಮ?” ಎಂದು ಗಲ್ಲಾದಲ್ಲಿ ಕೂತವಳನ್ನು ಕೇಳಿದ.

“ಡಿಸೈನರ್, ಸರ್.”

“ಅವನು ಹಡಗಿಗೆ ಗಂಟು ಹಾಕಿದ್ರೆ ಬೆಳಗಾಗೋದ್ರೊಳಗೆ ಹಡಗು ಪಕ್ಕದ ದೇಶದಲ್ಲಿರ್ತಿತ್ತು” ಎಂದು ಹೇಳಿ, ಒಂದು ಬನ್ನನ್ನೂ ಕೊಳ್ಳದೆ ಹೊರಬಿದ್ದ. ಈ ಮಾತನ್ನು ಮನೆಯಲ್ಲಿ ಮೂರು ದಿನ ಹೇಳಿಕೊಂಡು ನಕ್ಕ. ಅವನ ನಗು ಎಂದರೆ ಮೂಗಿನಿಂದ ಬರುವ ಒಂದು ಉಸಿರು, ಅಷ್ಟೇ.

ಬೇಲಿಯೊಳಗೆ, ಹಡಗುಕಟ್ಟೆಯ ಬೆನ್ನಿಗೆ, ಕೆಲಸಗಾರರ ಸಾಲುಮನೆಗಳಿದ್ದವು. ಇಪ್ಪತ್ತು ಮನೆ, ಇಪ್ಪತ್ತು ಹಸಿರು ಬಾಗಿಲು, ಈ ತುದಿಯಿಂದ ಆ ತುದಿಗೆ ಒಂದೇ ಜಗಲಿ. ಹದಿನಾಲ್ಕನೇ ನಂಬರು ರೂಲ್ಸಪ್ಪನದು, ಹದಿನೈದು ವೆಲ್ಡರ್‌ನದು, ಹದಿಮೂರು ಬಹಳ ಕಾಲದಿಂದ ಖಾಲಿ. ಕಂಪನಿಯ ಚಿತ್ರದಲ್ಲಿ ಆ ಜಾಗದಲ್ಲಿ ಕಾರು ನಿಲ್ಲಿಸುವ ಕಟ್ಟಡವಿತ್ತು. ಆದರೆ ಹಳೆಯ ನಿವಾಸಿಗಳಿಗೆ ಇಲ್ಲೇ ಮನೆ ಕೊಡಬೇಕೆಂದು ಸರ್ಕಾರ ಷರತ್ತು ಹಾಕಿತ್ತು. ಕಂಪನಿ ಹುಳ್ಳಗೆ ಮುಖ ಮಾಡಿಕೊಂಡು, ಕಸದ ತೊಟ್ಟಿಗಳ ಪಕ್ಕದಲ್ಲಿ ಒಂದು ಕಟ್ಟಡ ಎಬ್ಬಿಸಿತು. ಹತ್ತು ವರ್ಷ ಇಲ್ಲಿ ವಾಸವಿದ್ದೆ ಎಂದು ಕಾಗದ ತೋರಿಸಿದವರಿಗೆ ಅದರಲ್ಲಿ ಎರಡು ಕೋಣೆಯ ಮನೆ. ತೋರಿಸದವರು ಆರು ವಾರದಲ್ಲಿ ಗಂಟುಮೂಟೆ ಕಟ್ಟಬೇಕು.

ರೂಲ್ಸಪ್ಪನಿಗೆ ಮಕ್ಕಳಿರಲಿಲ್ಲ. ಅವನ ಹೆಂಡತಿಯ ಪ್ರಪಂಚವೆಲ್ಲ ಆ ಜಗಲಿಯೇ. ವೆಲ್ಡರ್‌ನ ಮಗಳು ಅವಳ ಮಡಿಲಲ್ಲೇ ಬೆಳೆದು, ದೊಡ್ಡಮ್ಮ ದೊಡ್ಡಮ್ಮ ಎಂದು ಹಿಂದೆಮುಂದೆ ಸುತ್ತಿ, ಈಗ ಮದುವೆಯಾಗಿ ಹೋಗಿದ್ದಳು. ವೆಲ್ಡರ್‌ನ ಹೆಂಡತಿಯೂ ಇವಳೂ ಒಡಹುಟ್ಟಿದವರಿಗಿಂತ ಹೆಚ್ಚು. ಕಾಳು ಆರಿಸುವುದು, ತಲೆ ಬಾಚುವುದು, ಗಂಡಂದಿರನ್ನು ಬೈಯುವುದು, ಎಲ್ಲ ಜೊತೆಯಲ್ಲೇ.

“ರೀ, ಈ ಮನೆ ಕೆಡವಿದ್ರೆ ಕೆಡವಲಿ” ಎಂದಳು ಅವಳು ಅರ್ಜಿ ಕೊಡುವ ದಿನ. “ಅವಳು ಎಲ್ಲಿರ್ತಾಳೋ ಅಲ್ಲಿ ನನಗೂ ಒಂದು ಬಾಗಿಲಿರ್ಲಿ. ಇಷ್ಟು ವರ್ಷದಲ್ಲಿ ನಿಮ್ಮ ಹತ್ರ ನಾನು ಏನೂ ಕೇಳಿಲ್ಲ, ಇದೊಂದು ಕೇಳ್ತೀನಿ.”

“ಕೇಳೋದೇನಿದೆ? ರೂಲ್ಸ್ ಪ್ರಕಾರ ನಮಗೆ ಬರಲೇಬೇಕು” ಎಂದ ರೂಲ್ಸಪ್ಪ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೊರಟ.

ಕಂಪನಿಯ ಕೌಂಟರು ಹಳೆಯ ಮದ್ದುಗುಂಡಿನ ಕೋಣೆಯಲ್ಲಿತ್ತು. ಗೋಡೆಗೆ ಬಿಳಿ ಬಣ್ಣ ಹೊಡೆದು, ಕುಂಡದಲ್ಲಿ ಪ್ಲಾಸ್ಟಿಕ್ ಗಿಡ ಇಟ್ಟಿದ್ದರು. ಕೌಂಟರಿನಾಕೆ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಪಿಂಚಣಿ ಪುಸ್ತಕ, ಗುರುತಿನ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು. ಎಲ್ಲದರಲ್ಲೂ ವಿಳಾಸ ಒಂದೇ: ಅಂಚೆ ಚೀಲ ಸಂಖ್ಯೆ ಏಳು.

“ಅಂಕಲ್, ಇದರಲ್ಲಿ ಮನೆ ನಂಬರೇ ಇಲ್ಲ.”

“ಇರೋದಿಲ್ಲಮ್ಮ. ಮಿಲಿಟರಿ ಜಾಗ. ಒಳಗಡೆ ಮನೆಗಳಿವೆ ಅನ್ನೋದೇ ಗುಟ್ಟು. ಎರಡು ಸಾವಿರ ಜನಕ್ಕೂ ಇದೊಂದೇ ವಿಳಾಸ.”

“ಯಾರಿಗೆ ಗೊತ್ತಾಗಬಾರದು ಅಂತ?”

“ಶತ್ರುಗಳಿಗೆ.”

ಅವಳು ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇವರ ಮನೆ ಹುಡುಕಿಕೊಂಡು ಬರುವ ಶತ್ರು ಎಂಥ ಕೆಲಸವಿಲ್ಲದವನಿರಬೇಕು ಎಂಬ ನೋಟ ಅದು. “ಉಳಿದವರೆಲ್ಲ ಮನೆ ಹಂಚಿಕೆ ಪತ್ರ ಕೊಟ್ಟಿದ್ದಾರಲ್ಲ ಅಂಕಲ್. ಹತ್ತೊಂಬತ್ತು ಮನೇಲಿ ಹದಿನೆಂಟು ಜನ ಕೊಟ್ಟಾಯ್ತು. ನಿಮ್ಮದೊಂದೇ ಬಾಕಿ. ನಿಮ್ಮ ಪತ್ರ ಎಲ್ಲಿ?”

ರೂಲ್ಸಪ್ಪ ಕಾಗದಗಳನ್ನು ಮತ್ತೆ ತಾರೀಖಿನ ಪ್ರಕಾರ ಜೋಡಿಸತೊಡಗಿದ. ಆ ಪತ್ರ ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೆಲೆ ಮುಚ್ಚುವಾಗ ಮನೆ ಹಂಚಿಕೆಯ ಕಡತಗಳನ್ನೆಲ್ಲ ಬಾಯ್ಲರ್‌ಗೆ ಹಾಕಿ ಸುಡಬೇಕೆಂದು ಆಜ್ಞೆಯಾಗಿತ್ತು. ಕಾರ್ಮಿಕರ ಬಳಿ ಇರುವ ಪ್ರತಿಗಳನ್ನೂ ವಾಪಸು ಪಡೆದು ಸುಡಬೇಕೆಂದು ಅದರಲ್ಲೇ ಬರೆದಿತ್ತು. ಸುಡುವ ಉಸ್ತುವಾರಿ ಯಾರದು ಹೇಳಿ? ರೂಲ್ಸಪ್ಪನದೇ. ಮೂರು ದಿನ ಬಾಯ್ಲರ್ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಒಂದೊಂದು ಹಾಳೆಯನ್ನೂ ಪಟ್ಟಿಯ ಜೊತೆ ತಾಳೆ ನೋಡಿ ಬೆಂಕಿಗೆ ಹಾಕಿದ. ಸಾಲಿನವರು ಪತ್ರ ಕಳೆದುಹೋಯಿತು, ಇಲಿ ತಿಂದಿತು, ಮಗು ಹರಿದು ಹಾಕಿತು ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಇಟ್ಟುಕೊಂಡರು. ರೂಲ್ಸಪ್ಪ ಅವರನ್ನೆಲ್ಲ ಮನಸ್ಸಿನಲ್ಲೇ ಉಗಿದು, ತನ್ನ ಪತ್ರವನ್ನು ಬೀರುವಿನಿಂದ ತೆಗೆದು ತಂದು, ಪಟ್ಟಿಯಲ್ಲಿ ಗುರುತು ಹಾಕಿ, ಬಾಯ್ಲರ್‌ಗೆ ಎಸೆದು, ಕೈ ಕೊಡವಿಕೊಂಡ. ಇಪ್ಪತ್ತು ಮನೆಯಲ್ಲಿ ಆಜ್ಞೆ ಪಾಲಿಸಿದ ಬೆಪ್ಪ ಅವನೊಬ್ಬನೇ.

“ಬೇರೆ ಏನಾದ್ರೂ ಸರ್ಕಾರಿ ಕಾಗದ ಆದ್ರೂ ಆಗುತ್ತೆ” ಎಂದಳು ಕೌಂಟರಿನಾಕೆ. “ನಿಮ್ಮ ಹೆಸರು, ಮನೆ ನಂಬರು ಎರಡೂ ಇರಬೇಕು. ಅಂಥವು ಎರಡು ಬೇಕು, ಎರಡರ ಮಧ್ಯೆ ಹತ್ತು ವರ್ಷ ಅಂತರ ಇರಬೇಕು. ಪಕ್ಕದ ಮನೆಯವರು ಅದನ್ನ ಓದಿ ಸಹಿ ಹಾಕಬೇಕು. ಆಮೇಲೆ ಹದಿನೈದು ದಿನ ಗೇಟಿನ ಹತ್ರ ಬೋರ್ಡಿಗೆ ಅಂಟಿಸ್ತೀವಿ, ಯಾರದಾದ್ರೂ ಆಕ್ಷೇಪಣೆ ಇದ್ರೆ ಹೇಳ್ಲಿ ಅಂತ.”

ಅಂಥ ಕಾಗದ ಎಲ್ಲಿದೆ ಎಂಬುದೂ ರೂಲ್ಸಪ್ಪನಿಗೆ ಗೊತ್ತಿತ್ತು.

ಈಗ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ರೂಲ್ಸಪ್ಪ ಚಾಡಿಕೋರ. ಬೇರೆ ಚಾಡಿಕೋರರು ಕಿವಿಯಲ್ಲಿ ಊದಿ ಹೋಗುತ್ತಾರೆ. ಇವನು ಬರವಣಿಗೆಯಲ್ಲಿ ಕೊಡುತ್ತಿದ್ದ. ಅಂಚು ಬಿಟ್ಟು, ತಾರೀಖು ಹಾಕಿ, ಕೆಳಗೆ ಸಹಿ, ಹೆಸರು, ಮನೆ ನಂಬರು. ಹೆಸರಿಲ್ಲದ ಅರ್ಜಿ ಬರೆಯುವವರನ್ನು ಕಂಡರೆ ಅವನಿಗೆ ಹೇಸಿಗೆ. ಶಿಸ್ತಿನ ಅಧಿಕಾರಿ ಅದನ್ನು ಗುಟ್ಟಾಗಿ ಶಿಸ್ತು ರಿಜಿಸ್ಟರಿಗೆ ಏರಿಸಿ ಕ್ರಮ ತೆಗೆದುಕೊಳ್ಳುತ್ತಿದ್ದರು. ನೌಕರಿಯ ಮೂರನೇ ವರ್ಷದಲ್ಲಿ ವೆಲ್ಡರ್‌ನ ಕೋಳಿಗಳ ಮೇಲೆ ಬರೆದ. ಒಂಬತ್ತನೇ ವರ್ಷದಲ್ಲಿ ವೆಲ್ಡರ್‌ನ ರೇಡಿಯೋ ಮೇಲೆ ಬರೆದ. ಹದಿನೈದನೇ ವರ್ಷದಲ್ಲಿ ವೆಲ್ಡರ್‌ನ ತಾಯಿಯ ಮೇಲೆ ಬರೆದ.

ಆ ಮುದುಕಿ ಕಾಯಿಲೆಯವಳು. ಹೊರಗಿನವರು ಪಾಸ್ ಇಲ್ಲದೆ ನೆಲೆಯೊಳಗೆ ತಂಗುವಂತಿರಲಿಲ್ಲ. ಪಾಸ್ ಕೈಗೆ ಬರಲು ಮೂರು ತಿಂಗಳು ಬೇಕು. ವೆಲ್ಡರ್‌ನ ತಮ್ಮ ಆಗ ಅದೇ ನೆಲೆಯ ಗೇಟಿನಲ್ಲಿ ಪಹರೆಯವನು. ಅವನೇ ಕಣ್ಣುಮುಚ್ಚಿ ತಾಯಿಯನ್ನು ಒಗೆಯುವ ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಒಳಗೆ ಬಿಟ್ಟ. ಒಂಬತ್ತು ದಿನ ಅವಳು ಹದಿನೈದನೇ ನಂಬರಿನ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಹತ್ತನೇ ದಿನ ಸಂಜೆ ಜವಾನರು ಬಂದು ಅವಳನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಿ ಗೇಟಿನಾಚೆ ಇಳಿಸಿದರು. ಊರೊಳಗೆ ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ, ಹನ್ನೊಂದು ದಿನ ಕಳೆದು, ಮಗ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಸತ್ತಳು. ನೌಕರಿ ಉಳಿಸಿಕೊಳ್ಳಲು ತಮ್ಮನೇ ಬಾಯಿಬಿಟ್ಟಿದ್ದಾನೆ ಎಂದು ವೆಲ್ಡರ್ ತೀರ್ಮಾನಿಸಿದ. ತಮ್ಮ ಮಗುವಿನ ತಲೆ ಮುಟ್ಟಿ ಆಣೆ ಇಟ್ಟರೂ ನಂಬಲಿಲ್ಲ. ಅಂದಿನಿಂದ ಇಂದಿನವರೆಗೆ, ಇಪ್ಪತ್ತೊಂದು ವರ್ಷ, ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

ರೂಲ್ಸಪ್ಪ ಆಮೇಲೆ ಯಾರ ಮೇಲೂ ಬರೆಯಲಿಲ್ಲ. ಪಶ್ಚಾತ್ತಾಪ ಎಂದು ಗೌರವ ಕೊಡಲು ಹೋಗಬೇಡಿ. ಯಾರಾದರೂ ಕೇಳಿದ್ದರೆ ‘ಅಗತ್ಯ ಬೀಳಲಿಲ್ಲ’ ಎಂದೇ ಹೇಳುತ್ತಿದ್ದ. ವೆಲ್ಡರ್ ಎರಡು ವರ್ಷ ನಗುವುದನ್ನೇ ನಿಲ್ಲಿಸಿದ್ದ, ದೂರುವುದಕ್ಕೆ ಏನೂ ಉಳಿದಿರಲಿಲ್ಲ.

ಕೌಂಟರಿನಿಂದ ಮನೆಗೆ ಬಂದವನು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, “ನಮ್ಮ ಹತ್ರ ಕಾಗದ ಇಲ್ಲ, ಮನೆ ಸಿಗಲ್ಲ” ಎಂದ. ಹೆಂಡತಿ ಗೋಡೆಗೆ ಒರಗಿ ಕೂತುಬಿಟ್ಟಳು. ಅಳಲಿಲ್ಲ. ಅಳದೆ ಕೂತವಳನ್ನು ಸಮಾಧಾನ ಮಾಡುವುದು ಹೇಗೆಂದು ಯಾವ ರೂಲ್ಸಿನಲ್ಲೂ ಬರೆದಿರಲಿಲ್ಲ. ಅವನು ಹೋಗಿ ಜಗಲಿಯ ಮೇಲೆ ಕೂತ.

ಸುದ್ದಿ ಕೇಳಿ ವೆಲ್ಡರ್ ಓಡಿ ಬಂದ. ಅವನ ಹಂಚಿಕೆ ಪತ್ರ ಮೂವತ್ತನಾಲ್ಕು ವರ್ಷ ಅಡುಗೆಮನೆಯಲ್ಲಿ ಎಣ್ಣೆ ಡಬ್ಬದ ಕೆಳಗಿತ್ತು. ಜಿಡ್ಡು ಹಿಡಿದು ಈಚೆಯಿಂದ ಆಚೆ ಕಾಣುವಂತಾಗಿದ್ದರೂ ಕಂಪನಿಯವರು ಅದನ್ನು ಒಪ್ಪಿಕೊಂಡಿದ್ದರು.

“ಅಣ್ಣಾ, ನೀನು ಇಲ್ಲಿದ್ದೆ ಅನ್ನೋಕೆ ಕಾಗದ ಬೇರೆ ಬೇಕಾ? ನಾನಿಲ್ವಾ? ಬೇಕಾದ್ರೆ ಅವರ ಕಂಪನಿ ಮುಂದೆ ಹೋಗಿ ಕೂತ್ಕೋತೀನಿ.”

“ಬಾಯಿಮಾತಿನ ಸಾಕ್ಷಿ ನಡೆಯಲ್ಲ” ಎಂದ ರೂಲ್ಸಪ್ಪ.

“ಹಾಗಾದ್ರೆ ಕಾಗದ ಹುಡುಕೋಣ. ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ. ಮೂವತ್ತೊಂದು ವರ್ಷ ಇದ್ದ ಮನುಷ್ಯ ಎಲ್ಲೂ ಇಲ್ಲ ಅಂದ್ರೆ ಏನರ್ಥ?”

ಮಾರನೆಯ ದಿನದಿಂದ ವೆಲ್ಡರ್ ಊರು ಅಲೆಯತೊಡಗಿದ. ಮಂಡಿನೋವಿನ ಮನುಷ್ಯ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುತ್ತಾನೆ. ನೆಲೆಯ ಹಳೆಯ ಆಸ್ಪತ್ರೆಯ ಪುಸ್ತಕ ಎಲ್ಲಿ ಹೋಗಿದೆ ಎಂದು ಒಂದು ದಿನ, ವಿದ್ಯುತ್ ಕಚೇರಿಗೆ ಒಂದು ದಿನ, ಅಂಚೆಯವರ ಬಳಿಗೆ ಒಂದು ದಿನ. ಸಂಜೆ ಬರಿಗೈಯಲ್ಲಿ ಬಂದು, ಬೆವರು ಒರೆಸಿಕೊಂಡು, “ನಾಳೆ ನೀರಿನ ಕಚೇರಿ ನೋಡ್ತೀನಿ ಅಣ್ಣಾ, ನೀನು ತಲೆ ಕೆಡಿಸ್ಕೋಬೇಡ” ಎನ್ನುತ್ತಿದ್ದ. ರೂಲ್ಸಪ್ಪ ಹೂಂ ಎನ್ನುತ್ತಿದ್ದ. ಇವನಂಥ ಪೆದ್ದ ಎಲ್ಲೂ ಸಿಗಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಂಡ ರಾತ್ರಿಗಳಲ್ಲಿ ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದ, ಅದು ಬೇರೆ ಮಾತು.

ಮೂರು ವಾರ ಕಳೆಯಿತು. ಹೆಂಡತಿ ಪಾತ್ರೆಗಳನ್ನು ಮೂಟೆ ಕಟ್ಟಲು ಶುರು ಮಾಡಿದಳು. ಒಂದು ಮಧ್ಯಾಹ್ನ ಅವನಿಗೆ ತಿಳಿಸದೆ ತಾನೇ ಕೌಂಟರಿಗೆ ಹೋಗಿ, ಆ ಹುಡುಗಿಯ ಮುಂದೆ ಕೈಮುಗಿದು ನಿಂತು ಬಂದಳಂತೆ. ವೆಲ್ಡರ್‌ನ ಹೆಂಡತಿ ಬಂದು ಹೇಳಿದಳು: “ಭಾವ, ಅಕ್ಕನ ಕಣ್ಣಲ್ಲಿ ನೀರು ನೋಡೋಕಾಗಲ್ಲ. ಏನಾದ್ರೂ ಮಾಡಿ.” ರೂಲ್ಸಪ್ಪನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ತನ್ನ ಹೆಂಡತಿ ಒಬ್ಬ ಕಂಪನಿ ಗುಮಾಸ್ತೆಯ ಮುಂದೆ ಕೈಮುಗಿಯುವುದೇ! ಅಂಗಿ ತೊಟ್ಟು ದಾಖಲೆ ಕಚೇರಿಗೆ ಹೊರಟ.

ದಾಖಲೆ ಕಚೇರಿ ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡು ಕೋಣೆ, ಒಂದು ಟ್ಯೂಬ್‌ಲೈಟು, ನೆಗಡಿಯ ಗುಮಾಸ್ತ. ಶಿಸ್ತು ರಿಜಿಸ್ಟರುಗಳನ್ನು ಐವತ್ತು ವರ್ಷ ಇಡಬೇಕೆಂಬ ನಿಯಮವಿತ್ತು; ಬಾಯ್ಲರ್ ರಾಶಿಯಿಂದ ಅವನ್ನು ಜೋಪಾನವಾಗಿ ಬೇರೆ ತೆಗೆದಿಟ್ಟವನೂ ರೂಲ್ಸಪ್ಪನೇ. ಗುಮಾಸ್ತ ಮೂಗು ಒರೆಸಿಕೊಳ್ಳುತ್ತ ಮೂರು ಪುಸ್ತಕ ತಂದಿಟ್ಟು, ಹಾಳೆ ಮಗುಚಿ, ಮೂರೂ ಜಾಗ ತೋರಿಸಿದ.

“ಕೋಳಿ, ರೇಡಿಯೋ. ಇವೆರಡರ ನಕಲು ಸಾಕು” ಎಂದ ರೂಲ್ಸಪ್ಪ.

“ಮೂರನೇ ವರ್ಷ, ಒಂಬತ್ತನೇ ವರ್ಷ. ಬರೀ ಆರಾಯ್ತಲ್ಲ ಸಾರ್. ಹತ್ತು ಬೇಕು ಅಂದ್ರಿ. ಆ ಅಜ್ಜಿದು ತಗೊಂಡ್ರೆ ಹನ್ನೆರಡಾಗುತ್ತೆ.”

“ಅದರಲ್ಲಿ ದೂರಿನ ವಿಷಯ ಬಿಟ್ಟು, ನನ್ನ ಹೆಸರು, ನಂಬರು ಮಾತ್ರ ಬರೆದುಕೊಡೋಕಾಗಲ್ವಾ?”

“ನಕಲು ಅಂದ್ರೆ ಪೂರ್ತಿ ನಕಲು ಸಾರ್. ರೂಲ್ಸಿದೆಯಲ್ಲ.” ಗುಮಾಸ್ತ ಬರೆದು ಮುಗಿಸಿ ಮೊಹರು ಒತ್ತಿದ. ಒತ್ತಿ, ಒಂದು ಸಲ ಓದಿಕೊಂಡ. “ಆ ಅಜ್ಜಿ ಆಮೇಲೆ ಏನಾದ್ರು ಸಾರ್?”

“ನನಗೇನು ಗೊತ್ತು?” ಎಂದ ರೂಲ್ಸಪ್ಪ.

ಬಸ್ಸಿನಲ್ಲಿ ಬರುತ್ತ ಲೆಕ್ಕಾಚಾರ ಹಾಕಿದ. ವೆಲ್ಡರ್ ಓದಿದ್ದು ನಾಲ್ಕನೇ ಕ್ಲಾಸು. ಜೀವಮಾನದಲ್ಲಿ ಒಂದು ಕಾಗದವನ್ನಾದರೂ ಓದಿ ಸಹಿ ಹಾಕಿದವನಲ್ಲ, ಎಲ್ಲಿ ಬೆರಳು ತೋರಿಸಿದರೆ ಅಲ್ಲಿ ಗೀಚುತ್ತಾನೆ. ಇನ್ನು ಬೋರ್ಡು. ಸಾಲಿನ ಸೋಮಾರಿಗಳು ಬೋರ್ಡು ಓದುವವರೇ? ಮೂವತ್ತು ವರ್ಷ ಅದರ ಕೆಳಗೆ ಬೀಡಿ ಸೇದಿದರೇ ಹೊರತು ಒಂದು ಸುತ್ತೋಲೆಯ ಮೇಲೂ ಕಣ್ಣು ಹಾಯಿಸಿದವರಲ್ಲ. ಜನರ ಮೇಲೆ ಅವನಿಗಿದ್ದ ತಿರಸ್ಕಾರ ಮೊದಲ ಬಾರಿಗೆ ಉಪಯೋಗಕ್ಕೆ ಬರುವಂತೆ ಕಂಡಿತು.

ಜಗಲಿಯ ಮೇಲೆ ಇಬ್ಬರು ಹೆಂಗಸರೂ ಮೊರ ಇಟ್ಟುಕೊಂಡು ಕಾಳು ಆರಿಸುತ್ತಿದ್ದರು. ವೆಲ್ಡರ್ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

“ಸಿಕ್ತಾ ಅಣ್ಣಾ?”

“ಸಿಕ್ತು. ಇಲ್ಲೊಂದು ಸಹಿ ಹಾಕು.”

“ನಾನು ಹೇಳ್ಲಿಲ್ವಾ! ನೋಡಕ್ಕ, ನಾನು ಹೇಳ್ಲಿಲ್ವಾ ಸಿಕ್ಕೇ ಸಿಗುತ್ತೆ ಅಂತ!” ವೆಲ್ಡರ್ ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ಜೇಬಿನಿಂದ ಒಂದು ಕನ್ನಡಕ ತೆಗೆದ. “ಮಗಳು ಕೊಡಿಸಿದ್ದು. ಇಷ್ಟು ದಿನ ಅಕ್ಷರ ಕಾಣ್ತಿರ್ಲಿಲ್ಲ, ಅದಕ್ಕೇ ಓದೋಕೆ ಬೇಜಾರು. ಈಗ ನೋಡು, ಬ್ರೆಡ್ ಪೊಟ್ಟಣದ ಮೇಲಿರೋದನ್ನೂ ಬಿಡಲ್ಲ.”

“ಓದೋದೇನಿಲ್ಲ, ಸಹಿ ಹಾಕು.”

“ಓದಿ ಸಹಿ ಹಾಕಬೇಕು ಅಂತ ಆ ಹುಡುಗಿ ಹೇಳಿದ್ಲಂತಲ್ಲ. ನೀನೇ ರೂಲ್ಸ್ ಮುರಿಯೋಕೆ ಹೇಳ್ತೀಯಲ್ಲಣ್ಣ” ಎಂದು ವೆಲ್ಡರ್ ನಕ್ಕ. ಬೆರಳಿಟ್ಟು, ನಿಧಾನವಾಗಿ, ಜೋರಾಗಿ ಓದತೊಡ​ಗಿದ. ಹೊಸದಾಗಿ ಓದುವವರು ಓದುವುದೇ ಹಾಗೆ.

“ದೂ-ರು-ದಾರರು... ಹಗ್ಗದ ಉಗ್ರಾಣದ ಉಸ್ತುವಾರಿ, ಮನೆ ಸಂಖ್ಯೆ ಹದಿನಾಲ್ಕು. ದೂರು... ಮನೆ ಸಂಖ್ಯೆ ಹದಿನೈದರ ಹಿತ್ತಲಲ್ಲಿ ಐದು ಕೋಳಿ ಸಾಕಲಾಗಿದೆ. ಕ್ರಮ... ಕೋಳಿಗಳನ್ನು ತೆರವುಗೊಳಿಸಲಾಯಿತು.” ವೆಲ್ಡರ್ ತಲೆಯೆತ್ತಿದ. ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಅಯ್ಯೋ, ಅದು ನೀನಾ! ಲೇ ಇವಳೇ, ಕೇಳಿದ್ಯಾ, ನಮ್ಮ ಕೋಳಿ ಹಿಡಿಸಿದ್ದು ಅಣ್ಣಾನೇ ಅಂತೆ! ತೆರವುಗೊಳಿಸಲಾಯಿತಂತೆ! ಆ ಅಧಿಕಾರಿ ಹೊಟ್ಟೆಗೆ ತೆರವಾದವು ಅಂತ ಬರೀಬೇಕಿತ್ತು!”

ಹೆಂಗಸರೂ ನಕ್ಕರು. ರೂಲ್ಸಪ್ಪನ ಹೆಂಡತಿ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು, “ಥೂ, ಏನ್ರೀ ನೀವು” ಎಂದಳು.

“ಸಾಕು, ಸಹಿ ಹಾಕು” ಎಂದು ರೂಲ್ಸಪ್ಪ ಕಾಗದಕ್ಕೆ ಕೈ ಚಾಚಿದ.

“ಇರು, ಇನ್ನೊಂದಿದೆ.” ವೆಲ್ಡರ್ ಹಾಳೆ ತಿರುವಿದ. ಮುಖದಲ್ಲಿ ನಗು ಇನ್ನೂ ಇತ್ತು. “ದೂರು... ಮನೆ ಸಂಖ್ಯೆ ಹದಿನೈದರಲ್ಲಿ ಪಾಸ್ ಇಲ್ಲದ ವೃದ್ಧೆಯೊಬ್ಬರು... ಒಂಬತ್ತು ದಿನಗಳಿಂದ... ವಾಸವಾಗಿದ್ದಾರೆ. ಕ್ರಮ... ಸದರಿ ವ್ಯಕ್ತಿಯನ್ನು ಸಂಜೆ ಐದು ಗಂಟೆಗೆ... ಗೇಟಿನಿಂದ ಹೊರಕ್ಕೆ...”

ಅಲ್ಲಿಗೆ ನಿಲ್ಲಿಸಿದ. ಬೆರಳು ಹಾಳೆಯ ಮೇಲೆಯೇ ಇತ್ತು. ಮತ್ತೆ ಮೊದಲಿನಿಂದ, ಈ ಸಲ ತುಟಿ ಮಾತ್ರ ಅಲ್ಲಾಡಿಸಿ ಓದಿಕೊಂಡ. ವೆಲ್ಡರ್‌ನ ಹೆಂಡತಿಯ ಮೊರ ನಿಂತಿತು. ರೂಲ್ಸಪ್ಪ ನಿಯಮದ ಸಂಖ್ಯೆ, ಭದ್ರತೆ, ಯುದ್ಧದ ಕಾಲ ಎಂದೇನೋ ಹೇಳಬೇಕೆಂದು ಬಾಯಿ ತೆರೆದ. ಬೈಯಲಿ, ಕೊರಳಪಟ್ಟಿ ಹಿಡಿಯಲಿ, ಅದಕ್ಕೆ ಕೊಡಲು ಉತ್ತರ ಸಿದ್ಧವಿತ್ತು. ವೆಲ್ಡರ್ ಅವನ ಕಡೆ ನೋಡಲೂ ಇಲ್ಲ. ಪೆನ್ನು ತೆಗೆದುಕೊಂಡು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಹೆಸರಿನ ಎಲ್ಲ ಅಕ್ಷರಗಳನ್ನೂ ಬಿಡಿಬಿಡಿಯಾಗಿ ಬರೆದ.

“ತಗೋ. ಅಕ್ಕನಿಗೆ ಮನೆ ಸಿಗ್ಲಿ.” ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿದ. “ಮಗು ತಲೆ ಮುಟ್ಟಿ ಆಣೆ ಇಟ್ಟಿದ್ದ ಕಣೇ ಅವನು. ನಾನು ಥೂ ಅಂತ ಉಗಿದು ಕಳಿಸಿದ್ದೆ. ನನ್ನ ಅಂಗಿ ಕೊಡು.”

ಅಂಗಿಯ ಗುಂಡಿಯನ್ನು ದಾರಿಯಲ್ಲೇ ಹಾಕಿಕೊಳ್ಳುತ್ತ, ಕುಂಟುತ್ತ, ಬಸ್ಸು ನಿಲ್ಲುವ ಕಡೆಗೆ ಹೋದ. ವೆಲ್ಡರ್‌ನ ಹೆಂಡತಿ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಆ ಬಾಗಿಲನ್ನು ಹಗಲಿನಲ್ಲಿ ಹಾಕಿದ್ದನ್ನು ಸಾಲಿನವರು ಅದುವರೆಗೆ ಕಂಡಿರಲಿಲ್ಲ.

ರೂಲ್ಸಪ್ಪನ ಹೆಂಡತಿ ಕೂತಲ್ಲೇ ಕೂತಿದ್ದಳು.

“ಮನೆ ಸಿಗುತ್ತೆ. ಈಗ ಯಾರೂ ತಡೆಯೋ ಹಾಗಿಲ್ಲ” ಎಂದ ರೂಲ್ಸಪ್ಪ.

“ಆ ಅಜ್ಜಿ ಬಂದಿರೋ ವಿಷಯ ನಿಮಗೆ ಹೇಳಿದ್ದು ನಾನು” ಎಂದಳು ಅವಳು. ದನಿ ಏರಿಸಲಿಲ್ಲ. “ದಿನಾ ಬೆಳಿಗ್ಗೆ ಹಾಲು ಬಿಸಿ ಮಾಡಿ ಕೊಟ್ಟು ಬರ್ತಿದ್ದೆ. ಅಜ್ಜಿ ನನ್ನ ಕೈ ಹಿಡ್ಕೊಂಡು, ‘ನಿನ್ನ ಗಂಡನಿಗೆ ತೊಂದರೆ ಆಗಲ್ಲ ತಾನೇ ಮಗಳೇ’ ಅಂತ ಕೇಳಿದ್ರು. ಅದನ್ನ ಬಂದು ಊಟಕ್ಕೆ ಕೂತಾಗ ನಿಮಗೆ ಹೇಳ್ದೆ. ಎಷ್ಟು ಒಳ್ಳೆಯವರು ನೋಡಿ ಅಂತ ಹೇಳ್ದೆ. ನಾನು ಇನ್ಯಾರಿಗೆ ಹೇಳ್ಲಿ?”

ರೂಲ್ಸಪ್ಪನಿಗೆ ಆ ಊಟ ನೆನಪಿತ್ತು. ಕೈ ತೊಳೆದು ನೇರವಾಗಿ ಮೇಜಿನ ಮುಂದೆ ಕೂತು, ಅಂಚು ಬಿಟ್ಟು, ತಾರೀಖು ಹಾಕಿ ಬರೆದದ್ದೂ ನೆನಪಿತ್ತು.

ಕಾಗದಗಳು ಹದಿನೈದು ದಿನ ಗೇಟಿನ ಬೋರ್ಡಿನಲ್ಲಿದ್ದವು. ಯಾರೂ ಓದುವುದಿಲ್ಲ ಎಂದುಕೊಂಡಿದ್ದನಲ್ಲ, ಎಲ್ಲರೂ ಓದಿದರು. ಸಾಲಿನವರು ಮನೆಮಂದಿಯೊಂದಿಗೆ ಬಂದು ಓದಿದರು. ಓದುಬಾರದವರಿಗೆ ಓದಿ ಹೇಳಿದರು. ಬ್ರೆಡ್ ಅಂಗಡಿಗೆ ಬಂದ ಒಬ್ಬ ಮಹಾರಾಯ ಇದೂ ಕಂಪನಿಯವರು ನೆಲೆಯ ನೆನಪಿಗಾಗಿ ಇಟ್ಟ ಅಲಂಕಾರವೆಂದು ತಿಳಿದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಹದಿನಾರನೇ ದಿನ ಕೌಂಟರಿನಾಕೆ ‘ಆಕ್ಷೇಪಣೆ ಇಲ್ಲ’ ಎಂದು ಮೊಹರು ಒತ್ತಿ, ಬೀಗದ ಕೈಗಳನ್ನು ಗಾಜಿನ ಕೆಳಗಿನ ಸಂದಿಯಿಂದ ತಳ್ಳಿದಳು. ಒಬ್ಬರೂ ಆಕ್ಷೇಪಿಸಲಿಲ್ಲ. ಅವನ ಮೇಲೊಂದು ದೂರು ಬರೆಯಲೂ ಯಾರಿಗೂ ಮನಸ್ಸಾಗಲಿಲ್ಲ.

ಮೂರನೇ ಮಹಡಿಯಲ್ಲಿ ಎರಡು ಕೋಣೆ. ಅಡುಗೆಮನೆಯ ಕಿಟಕಿಯಿಂದ ಕತ್ತು ಹೊರಳಿಸಿದರೆ ಒಂದು ಹಿಡಿಯಷ್ಟು ನೀರು ಕಾಣುತ್ತದೆ, ಅದಕ್ಕೆ ಕಂಪನಿಯವರು ‘ಸಮುದ್ರ ನೋಟ’ ಎನ್ನುತ್ತಾರೆ. ವೆಲ್ಡರ್‌ನ ಮನೆ ಎದುರಿಗೇ, ಬಾಗಿಲಿಗೆ ಬಾಗಿಲು. ಹೆಂಡತಿ ಕೇಳಿದ್ದು ಅಷ್ಟೇ, ಅದು ಅವಳಿಗೆ ಸಿಕ್ಕಿತು. ವೆಲ್ಡರ್‌ನ ಹೆಂಡತಿ ಹತ್ತು ದಿನ ಬಾಗಿಲು ತೆರೆಯಲಿಲ್ಲ, ಹನ್ನೊಂದನೇ ದಿನ ತೆರೆದಳು. ಇವಳು ಬೆಳಿಗ್ಗೆ ಅಡುಗೆ ಮುಗಿಸಿ ಅಲ್ಲಿಗೆ ಹೋದರೆ ಮಧ್ಯಾಹ್ನ ಬರುತ್ತಾಳೆ. ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಇವನ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದಿಡುತ್ತಾಳೆ. ಜಗಳವಿಲ್ಲ, ಮುನಿಸೂ ಇಲ್ಲ. ಮೊದಲೆಲ್ಲ ಊಟಕ್ಕೆ ಕೂತಾಗ ಅವಳು ಸಾಲಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ರೂಲ್ಸಪ್ಪ ಮೂಗು ಮುರಿಯುತ್ತ ಕೇಳುತ್ತಿದ್ದ. ಅದೊಂದು ನಿಂತಿದೆ.

ಮೊನ್ನೆ ಒಂದು ಭಾನುವಾರ ಎದುರು ಮನೆಯಲ್ಲಿ ಗದ್ದಲವೋ ಗದ್ದಲ. ತಟ್ಟೆಗಳ ಸದ್ದು, ಮಕ್ಕಳ ಓಡಾಟ. ಬಾಗಿಲಿನಾಚೆಯಿಂದ ವೆಲ್ಡರ್‌ನ ನಗು ಕೇಳಿಸುತ್ತಿತ್ತು. ಅದರ ಜೊತೆಗೆ ಇನ್ನೊಂದು ಗಂಡಸಿನ ನಗು, ಥೇಟ್ ಅದೇ ಥರದ್ದು. ರೂಲ್ಸಪ್ಪ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡ. ಬಹಳ ಹೊತ್ತಿನ ಮೇಲೆ ಹೆಂಡತಿ ಬಂದಳು. ಮುಖ ಅರಳಿತ್ತು, ಕಣ್ಣು ಒದ್ದೆಯಾಗಿತ್ತು. ಬಾಗಿಲು ಮುಚ್ಚಿ ಇವನ ಕಡೆ ತಿರುಗುವಷ್ಟರಲ್ಲಿ ಆ ಮುಖ ಎಂದಿನಂತಾಗಿತ್ತು.

“ಯಾರು ಬಂದಿದ್ದಾರೆ?” ಎಂದು ಕೇಳಿದ.

“ಯಾರೂ ಇಲ್ಲ” ಎಂದಳು, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.